ಬಿದ್ದ ಮೇಲೆ ಏಳುವ ಕಸುವು: ಮನೆಯ ಹಿರಿಯರನ್ನು ಮನೆಯಲ್ಲೇ ಅಳೆದು ನೋಡುವ ಬಗೆ

ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಅಮ್ಮನಿಗೆ ಡೆಂಗಿ ಬಂತು. ನಾಲ್ಕು ದಿನ ಆಸ್ಪತ್ರೆ, ಆಮೇಲೆ ಸಾಗರದ ಮನೆ. ಪ್ಲೇಟ್‌ಲೆಟ್ ಏರಿತು, ರಿಪೋರ್ಟೆಲ್ಲ ನಾರ್ಮಲ್ ಆಯಿತು. ಬಿಡುಗಡೆ ಮಾಡುವಾಗ ‘ಚೆನ್ನಾಗಿ ರೆಸ್ಟ್ ತಗೊಳ್ಳಲಿ’ ಅಂದರು, ಅಷ್ಟೇ. ನಾನು ಬೆಂಗಳೂರಿಗೆ ವಾಪಸ್ ಬಂದೆ. ದಿನಾ ರಾತ್ರಿ ಫೋನ್ ಮಾಡುತ್ತಿದ್ದೆ. ‘ಆರಾಮಾಗಿದೀನಿ ಮಾರಾಯ, ನಿಂಗೆ ಊಟ ಆಯ್ತಾ?’ ಅನ್ನುತ್ತಿದ್ದಳು.

ದಸರೆಗೆ ಊರಿಗೆ ಹೋದಾಗ ಅಡುಗೆಮನೆ ನೋಡಿ ಗಾಬರಿಯಾಯಿತು. ಮೇಲಿನ ಸಾಲಿನ ಡಬ್ಬಿಗಳೆಲ್ಲ ಕೆಳಗಿಳಿದಿದ್ದವು. ಬೇಳೆ, ಮೆಣಸು, ಬೆಲ್ಲ, ಕಾಫಿಪುಡಿ, ಎಲ್ಲ ಕಟ್ಟೆಯ ಮೇಲೆ ಒತ್ತೊತ್ತಾಗಿ ಕೂತಿದ್ದವು. ಮೇಲಿನ ಹಲಗೆ ಖಾಲಿ, ಅದರ ಮೇಲೆ ಧೂಳು. ಹಿತ್ತಿಲ ಬಾಗಿಲ ಅಗುಳಿ ತುಕ್ಕು ಹಿಡಿದಿತ್ತು. ಶನಿವಾರದ ಭಜನೆಗೆ ಹೋಗುವುದನ್ನು ಬಿಟ್ಟು ಮೂರು ತಿಂಗಳಾಗಿತ್ತು. ರಾತ್ರಿ ಊಟಕ್ಕೆ ಮಧ್ಯಾಹ್ನದ ಅನ್ನಕ್ಕೇ ಮೊಸರು.

ಜ್ವರ ಹೋಗಿತ್ತು, ಅಮ್ಮ ಮಾತ್ರ ಮೊದಲಿನ ಜಾಗಕ್ಕೆ ಬಂದಿರಲಿಲ್ಲ. ಅದನ್ನು ಯಾವ ರಿಪೋರ್ಟೂ ಹೇಳಿರಲಿಲ್ಲ, ಫೋನಂತೂ ಹೇಳುವುದೇ ಇಲ್ಲ.

ಪೆಟ್ಟು ಬಿದ್ದ ಮೇಲೆ ಎಷ್ಟು ಬೇಗ, ಎಷ್ಟರ ಮಟ್ಟಿಗೆ ಮೊದಲಿನಂತಾಗುತ್ತಾರೆ ಅನ್ನುವ ಈ ಕಸುವನ್ನು ಮನೆಯಲ್ಲೇ ನೋಡಬಹುದು. ಬೇಕಾಗುವುದು ಒಂದು ಗಟ್ಟಿ ಕುರ್ಚಿ, ಮೊಬೈಲಿನ ಸ್ಟಾಪ್‌ವಾಚ್, ಟೈಲರ್ ಟೇಪು, ತೂಕದ ಯಂತ್ರ, ಬಿಪಿ ಮಷಿನ್, ಒಂದು ನೋಟ್‌ಬುಕ್ಕು. ಮತ್ತೆ ಎರಡು ದಿನದ ಪುರುಸೊತ್ತು. ಒಂದೇ ದಿನ ಎಲ್ಲ ಮುಗಿಸಲು ಹೋಗಬೇಡಿ, ಪರೀಕ್ಷೆಗೆ ಕೂರಿಸಿದ ಹಾಗಾಗುತ್ತದೆ.

ಏನನ್ನು ಅಳೆಯುತ್ತಿದ್ದೇವೆ?

ನಾವೆಲ್ಲ ಕಾಯಿಲೆಯ ಪಟ್ಟಿ ಹಿಡಿದು ಹಿರಿಯರನ್ನು ಅಳೆಯುತ್ತೇವೆ. ಬಿಪಿ ಇದೆ, ಶುಗರ್ ಇದೆ, ಮಂಡಿ ನೋವಿದೆ. ಅದೇ ಬಿಪಿ, ಅದೇ ಶುಗರ್ ಇರುವ ಇಬ್ಬರಲ್ಲಿ ಒಬ್ಬರು ಗದ್ದೆ ಅಂಚಿನಲ್ಲಿ ನಡೆಯುತ್ತಾರೆ, ಇನ್ನೊಬ್ಬರು ಜಗುಲಿ ಇಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರ ವರದಿಯಲ್ಲಿ ಲೆಕ್ಕವನ್ನೇ ಬದಲಿಸಿತು. ಎಷ್ಟು ಕಾಯಿಲೆ ಇದೆ ಅನ್ನುವುದಕ್ಕಿಂತ, ತಮಗೆ ಬೇಕಾದ್ದನ್ನು ಮಾಡಿಕೊಂಡು ಬದುಕಲು ಆಗುತ್ತಿದೆಯಾ ಅನ್ನುವುದು ಮುಖ್ಯ ಅಂದಿತು. ಆಮೇಲೆ ಹಿರಿಯರಲ್ಲಿ ನೋಡಬೇಕಾದ ಆರು ವಿಷಯಗಳನ್ನು ಗುರುತಿಸಿತು: ನಡಿಗೆ, ಊಟ, ಕಣ್ಣು, ಕಿವಿ, ನೆನಪು, ಮನಸ್ಸು. ಮುಂದೆ ಹೇಳುವ ಕೆಲವು ಅಳತೆಗಳು ಅಲ್ಲಿನವೇ. ಆಶಾ ಕಾರ್ಯಕರ್ತೆಯಂಥವರೂ ಮಾಡಬಹುದಾದಷ್ಟು ಸರಳವಾಗಿವೆ.

ಇವುಗಳ ಜೊತೆಗೆ ಮನೆ, ಜನ, ದುಡ್ಡು ಇವನ್ನೂ ನಾನು ಸೇರಿಸಿಕೊಂಡೆ. ಕಾಲು ಎಷ್ಟೇ ಗಟ್ಟಿ ಇದ್ದರೂ ರಾತ್ರಿ ಎರಡು ಗಂಟೆಗೆ ಕೂಗಿದರೆ ಓಗೊಡುವವರಿಲ್ಲದ ಮನೆಯಲ್ಲಿ ಚೇತರಿಕೆ ಕಷ್ಟ.

1. ಮೊದಲು ಹಳೇ ಪೆಟ್ಟಿನ ಕಥೆ ಕೇಳಿ

‘ಆರೋಗ್ಯ ಹೇಗಿದೆ?’ ಅಂತ ಕೇಳಿದರೆ ‘ಪರವಾಗಿಲ್ಲ’ ಅನ್ನುವುದೇ ಉತ್ತರ. ಆ ಪ್ರಶ್ನೆ ಬಿಟ್ಟುಬಿಡಿ. ಕಳೆದ ಎರಡು ಮೂರು ವರ್ಷದಲ್ಲಿ ಏನೇನು ಪೆಟ್ಟು ಬಿತ್ತು ಅಂತ ನೀವೇ ಪಟ್ಟಿ ಮಾಡಿ. ಜ್ವರ, ಕಣ್ಣಿನ ಆಪರೇಷನ್, ಬಚ್ಚಲಲ್ಲಿ ಜಾರಿದ್ದು, ಅಣ್ಣ ತೀರಿಕೊಂಡಿದ್ದು, ಮನೆ ಬದಲಿಸಿದ್ದು, ಕೆಲಸದವಳು ಬಿಟ್ಟು ಹೋಗಿದ್ದು ಎಲ್ಲ ಬರಲಿ. ಕೊನೆಯದು ಚಿಕ್ಕದು ಅನ್ನಿಸಬಹುದು, ಆದರೆ ಎಂಬತ್ತರ ಅಜ್ಜಿಗೆ ಅದೇ ದೊಡ್ಡ ಪೆಟ್ಟಾಗಿರುತ್ತದೆ.

ಆಮೇಲೆ ಸಂಜೆ ಕಾಫಿ ಕುಡಿಯುತ್ತಾ ಒಂದೊಂದಾಗಿ ಕೇಳಿ. ಕೆಲಸದ ಬಗ್ಗೆ ಕೇಳಿ, ನೋವಿನ ಬಗ್ಗೆ ಅಲ್ಲ.

‘ಆ ಜ್ವರ ಬಿಟ್ಟ ಮೇಲೆ ಮತ್ತೆ ರೊಟ್ಟಿ ತಟ್ಟಿದ್ದು ಯಾವಾಗ?’
‘ಒಬ್ಬಳೇ ಅಂಗಡಿಗೆ ಹೋಗಿದ್ದು ಎಷ್ಟು ದಿನಕ್ಕೆ?’
‘ಯಾರು ಜೊತೆಗಿದ್ದರು? ಏನು ಮಾಡಿದ್ದರಿಂದ ಸುಧಾರಿಸಿತು?’
‘ಮೊದಲು ಮಾಡ್ತಿದ್ದು ಈಗ ಬಿಟ್ಟಿರೋದು ಏನು?’

ನಾಲ್ಕನೆಯ ಪ್ರಶ್ನೆಯಲ್ಲೇ ನಿಜ ಹೊರಬರುವುದು. ಅಮ್ಮ ‘ಏನೂ ಬಿಟ್ಟಿಲ್ಲ’ ಅಂದಳು. ಐದು ನಿಮಿಷ ಬಿಟ್ಟು, ‘ಹಿತ್ತಿಲಿಗೆ ಹೋಗೋದು ಬಿಟ್ಟೆ, ಮೆಟ್ಟಿಲು ಪಾಚಿ ಕಟ್ಟಿದೆ’ ಅಂದಳು. ಮತ್ತೆ ಸ್ವಲ್ಪ ಹೊತ್ತಿಗೆ, ‘ಪಾಚಿ ಇಲ್ಲದಿದ್ರೂ ಹೆದರಿಕೆ’ ಅಂದಳು. ಆ ಕೊನೆಯ ಮಾತಿಗಾಗಿ ಕಾಯಬೇಕು. ನಡುವೆ ಬಾಯಿ ಹಾಕಿ ‘ಪಾಚಿ ತೆಗೆಸೋಣ ಬಿಡು’ ಅಂದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಪ್ರತಿ ಪೆಟ್ಟಿನ ಎದುರು ಮೂರು ವಿಷಯ ಬರೆದುಕೊಳ್ಳಿ: ಎಷ್ಟು ದಿನ ಹಿಡಿಯಿತು, ಪೂರ್ತಿ ವಾಪಸ್ ಬಂದರಾ ಅಥವಾ ಅರ್ಧಕ್ಕೇ ನಿಂತರಾ, ಯಾವುದರಿಂದ ಅನುಕೂಲವಾಯಿತು. ಉದಾಹರಣೆಗೆ, ಹಿಂದಿನ ಸಲದ ಜ್ವರಕ್ಕೆ ಹತ್ತು ದಿನ ಸಾಕಾಗಿತ್ತು, ಈ ಸಲದ್ದಕ್ಕೆ ಎರಡು ತಿಂಗಳು ಬೇಕಾಯಿತು ಅಂದರೆ ಕಸುವು ಇಳಿಯುತ್ತಿದೆ ಅಂತಲೇ ಲೆಕ್ಕ. ಆಗ ಎರಡೂ ರಿಪೋರ್ಟು ನಾರ್ಮಲ್ ಇದ್ದಿರಬಹುದು.

ಇದಕ್ಕೆ ಸಿದ್ಧ ಪ್ರಶ್ನಾವಳಿಗಳೂ ಇವೆ. 2008ರಲ್ಲಿ ಬಂದ ಒಂದು ಚಿಕ್ಕ ಅಳತೆಗೋಲಿನಲ್ಲಿ ಆರೇ ವಾಕ್ಯ. ಕಷ್ಟ ಬಂದರೆ ಬೇಗ ಸುಧಾರಿಸಿಕೊಳ್ಳುತ್ತೇನೆ ಅನ್ನುವ ಧಾಟಿಯವು ಮೂರು, ಅದಕ್ಕೆ ಉಲ್ಟಾ ಮೂರು. ಪ್ರತಿಯೊಂದಕ್ಕೂ 1ರಿಂದ 5 ಅಂಕ. ಉಲ್ಟಾ ವಾಕ್ಯದ ಅಂಕ ತಿರುಗಿಸಿ ಸರಾಸರಿ ತೆಗೆದರೆ, 3ಕ್ಕಿಂತ ಕಡಿಮೆ ಬಂದವರಿಗೆ ಚೇತರಿಕೆ ಕಷ್ಟ ಅಂತ ಅರ್ಥ. ಸಂಶೋಧನೆಗೆ ಅದು ಸರಿ. ನಮ್ಮ ಹಿರಿಯರ ಮುಂದೆ ‘ಒಪ್ಪುತ್ತೇನೆ, ಬಲವಾಗಿ ಒಪ್ಪುತ್ತೇನೆ’ ಅಂತ ಓದಿದರೆ ‘ಏನೋ, ದೇವರು ನಡೆಸ್ಕೊಂಡು ಹೋಗ್ತಾನೆ’ ಅನ್ನುತ್ತಾರೆ. ಅದಕ್ಕೆ ಎಷ್ಟು ಅಂಕ ಕೊಡುತ್ತೀರಿ? ಮನೆಯ ಮಟ್ಟಿಗೆ ಕಥೆಯೇ ವಾಸಿ.

2. ಕುರ್ಚಿ, ಹತ್ತು ಅಡಿ ನೆಲ, ಹತ್ತು ಸೆಕೆಂಡು

ಇದರಲ್ಲಿ ಅವಸರ ಬೇಡ. ಇತ್ತೀಚೆಗೆ ಆಪರೇಷನ್ ಆಗಿದ್ದರೆ, ಎದೆನೋವು ಅಥವಾ ತಲೆಸುತ್ತು ಇದ್ದರೆ, ಮೂಳೆ ಮುರಿದಿದ್ದರೆ ಇದನ್ನು ಮಾಡಿಸಬೇಡಿ, ಡಾಕ್ಟರಿಗೇ ಬಿಡಿ. ಉಳಿದವರಿಗೆ ಮಾಡಿಸುವಾಗಲೂ ಪಕ್ಕದಲ್ಲೇ ನಿಂತಿರಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರ.

ಕೂತು ಏಳುವುದು: ಕೈ ಇಲ್ಲದ ಗಟ್ಟಿ ಮರದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಹಿಂದಕ್ಕೆ ಜಾರುತ್ತದೆ. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು ಐದು ಸಲ ಪೂರ್ತಿ ಎದ್ದು ಪೂರ್ತಿ ಕೂರಬೇಕು. ಸೆರಗು, ಪಂಚೆ ಕಾಲಿಗೆ ಸಿಕ್ಕದಂತೆ ಮೊದಲೇ ಸರಿ ಮಾಡಿಕೊಳ್ಳಲಿ. 14 ಸೆಕೆಂಡಿನೊಳಗೆ ಮುಗಿದರೆ ಸದ್ಯಕ್ಕೆ ಚಿಂತೆ ಇಲ್ಲ. ಜಾಸ್ತಿ ಹಿಡಿದರೆ, ಅಥವಾ ಕೈ ಊರದೆ ಏಳಲೇ ಆಗದಿದ್ದರೆ, ತೊಡೆಯ ಬಲ ಇಳಿದಿದೆ ಅಂತ ಅರ್ಥ. ಅಮ್ಮನಿಗೆ ಆ ದಸರೆಯಲ್ಲಿ 19 ಸೆಕೆಂಡು ಹಿಡಿಯಿತು. ನಾಲ್ಕನೇ ಸಲಕ್ಕೆ ತೊಡೆ ನಡುಗಿತು.

ಎದ್ದು ನಡೆದು ಬರುವುದು: ಕುರ್ಚಿಯಿಂದ 3 ಮೀಟರ್, ಅಂದರೆ ಸುಮಾರು ಹತ್ತು ಅಡಿ ದೂರಕ್ಕೆ ಒಂದು ಗುರುತು ಹಾಕಿ. ಎರಡಡಿ ಟೈಲ್ಸ್ ಇದ್ದರೆ ಐದು ಟೈಲು ಎಣಿಸಿದರೆ ಆಯಿತು. ಕುರ್ಚಿಯಿಂದ ಎದ್ದು, ಮಾಮೂಲಿ ನಡಿಗೆಯಲ್ಲಿ ಅಲ್ಲಿಗೆ ಹೋಗಿ, ತಿರುಗಿ ಬಂದು ಕೂರಬೇಕು. ಕೋಲು ಹಿಡಿಯುವವರು ಕೋಲು ಹಿಡಿದೇ ನಡೆಯಲಿ. 12 ಸೆಕೆಂಡು ಅಥವಾ ಅದಕ್ಕಿಂತ ಜಾಸ್ತಿ ಆದರೆ ಬೀಳುವ ಅಪಾಯ ಹೆಚ್ಚು. ಗಡಿಯಾರ ಮಾತ್ರ ನೋಡಬೇಡಿ, ತಿರುಗುವುದನ್ನು ನೋಡಿ. ಚಿಕ್ಕ ಚಿಕ್ಕ ಹೆಜ್ಜೆ ಇಟ್ಟು ಬಂಡಿ ತಿರುಗಿಸಿದ ಹಾಗೆ ತಿರುಗುತ್ತಾರಾ? ಗೋಡೆ ಮುಟ್ಟುತ್ತಾರಾ?

ನಿಲ್ಲುವುದು: ಒಂದು ಪಾದದ ಹಿಮ್ಮಡಿ ಇನ್ನೊಂದು ಪಾದದ ಬೆರಳಿಗೆ ತಾಗುವಂತೆ, ಹಗ್ಗದ ಮೇಲೆ ನಿಂತವರ ಹಾಗೆ ಹತ್ತು ಸೆಕೆಂಡು ನಿಲ್ಲಬೇಕು. ಅಡುಗೆಕಟ್ಟೆಯ ಪಕ್ಕ ಮಾಡಿಸಿದರೆ ವಾಲಿದಾಗ ಹಿಡಿಯಲು ಏನಾದರೂ ಸಿಗುತ್ತದೆ.

ನೆಲದಿಂದ ಏಳುವುದಕ್ಕೆ ನಾನು ಸೆಕೆಂಡು ಲೆಕ್ಕ ಹಾಕುವುದಿಲ್ಲ. ನಮ್ಮಲ್ಲಿ ಪೂಜೆ, ತರಕಾರಿ ಹೆಚ್ಚುವುದು, ಎಲೆ ಊಟ ಎಲ್ಲ ನೆಲದ ಮೇಲೇ ಅಲ್ವಾ? ನೆಲಕ್ಕೆ ಕೂರುವುದನ್ನು ಯಾವಾಗ ಬಿಟ್ಟರು, ಏಳುವಾಗ ಏನು ಹಿಡಿಯುತ್ತಾರೆ ಅನ್ನುವುದನ್ನು ಗಮನಿಸಿದರೆ ಸಾಕು. ಬಿದ್ದಾಗ ಬೇಕಾಗುವುದು ಇದೇ ವಿದ್ಯೆ.

ಬಿಪಿಯನ್ನು ಎರಡು ಸಲ ನೋಡಿ. ಐದು ನಿಮಿಷ ಮಲಗಿದ ಮೇಲೆ ಒಮ್ಮೆ, ಎದ್ದು ನಿಂತು ಮೂರು ನಿಮಿಷದೊಳಗೆ ಇನ್ನೊಮ್ಮೆ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಡಾಕ್ಟರಿಗೆ ಹೇಳಲೇಬೇಕು. ಬೆಳಗಿನ ಜಾವ ಮೂತ್ರಕ್ಕೆ ಎದ್ದು ಬೀಳುವವರಲ್ಲಿ ಎಷ್ಟೋ ಜನರಿಗೆ ಇರುವುದು ಈ ತೊಂದರೆ. ಕೂತಲ್ಲೇ ಬಿಪಿ ನೋಡಿದರೆ ಇದು ಸಿಗುವುದಿಲ್ಲ.

‘ರೆಸ್ಟ್ ತಗೊಳ್ಳಲಿ’ ಅನ್ನುವ ಮಾತಿನ ಬಗ್ಗೆ ನನಗೆ ಈಗಲೂ ಸಿಟ್ಟಿದೆ. ಅಮೆರಿಕದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನೋಡಿದ್ದರು. 2007ರಲ್ಲಿ ಅದರ ಫಲಿತಾಂಶ ಬಂತು. ಕಾಲುಗಳಿಂದಲೇ ಸುಮಾರು ಒಂದು ಕೆ.ಜಿ. ಮಾಂಸ ಕರಗಿತ್ತು. ಅವರಿಗೆ ಕಾಯಿಲೆಯೇ ಇರಲಿಲ್ಲ! ಜ್ವರ ಬಂದು ಮಲಗಿದವರ ಗತಿ ಇನ್ನೇನು? ಆಸ್ಪತ್ರೆಯಿಂದ ಬಿಡುವಾಗ ‘ದಿನಕ್ಕೆ ಎಷ್ಟು ನಡೆಸಬೇಕು, ಯಾವಾಗಿನಿಂದ?’ ಅಂತ ನೀವೇ ಬಾಯಿಬಿಟ್ಟು ಕೇಳಿ.

3. ಮಾತ್ರೆ ಡಬ್ಬಿ ಸುರಿದು ನೋಡಿ

ಇದಕ್ಕೆ ಹತ್ತು ನಿಮಿಷ ಸಾಕು. ಮನೆಯಲ್ಲಿರುವ ಮಾತ್ರೆ, ಟಾನಿಕ್, ಲೇಹ್ಯ, ಪಕ್ಕದ ಮನೆಯವರು ಕೊಟ್ಟ ನೋವಿನ ಗುಳಿಗೆ, ಎಲ್ಲವನ್ನೂ ಒಂದು ಮೊರದಲ್ಲಿ ಹಾಕಿ ಫೋಟೊ ತೆಗೆಯಿರಿ. ದಿನಕ್ಕೆ ಐದಕ್ಕಿಂತ ಜಾಸ್ತಿ ಇದ್ದರೆ ‘ಯಾವುದಾದರೂ ಕಡಿಮೆ ಮಾಡಬಹುದಾ?’ ಅಂತ ಡಾಕ್ಟರನ್ನು ಕೇಳಿ. ನಿದ್ರೆ ಮಾತ್ರೆ, ಕೆಲವು ಶೀತದ ಮಾತ್ರೆಗಳು ಹಿರಿಯರಿಗೆ ಮಂಪರು ತರುತ್ತವೆ, ಬೀಳಿಸುತ್ತವೆ. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ.

4. ಊಟ: ತಟ್ಟೆ ನೋಡಿ, ಮೀನಖಂಡ ಅಳೆಯಿರಿ

ಮೂರು ತಿಂಗಳಲ್ಲಿ ಮೂರು ಕೆ.ಜಿ.ಗಿಂತ ಜಾಸ್ತಿ ತೂಕ ಇಳಿದಿದೆಯಾ? ಹಸಿವು ಸತ್ತಿದೆಯಾ? ಎರಡರಲ್ಲಿ ಒಂದಕ್ಕೆ ಹೌದು ಅಂದರೂ ಡಾಕ್ಟರಿಗೆ ತೋರಿಸಬೇಕು. ತೂಕದ ಯಂತ್ರ ಇಲ್ಲದಿದ್ದರೆ ಬಳೆ, ಉಂಗುರ, ರವಿಕೆ ನೋಡಿ. ಅಮ್ಮನ ಬಳೆ ಮೊಣಕೈವರೆಗೆ ಏರುತ್ತಿತ್ತು. ‘ಹಗುರ ಆಗಿದೀನಿ, ಒಳ್ಳೇದೇ ಅಲ್ವಾ’ ಅಂತ ನಗುತ್ತಿದ್ದಳು. ಅರವತ್ತೈದು ದಾಟಿದ ಮೇಲೆ ತಾನಾಗಿ ಇಳಿಯುವ ತೂಕ ಒಳ್ಳೆಯ ಸುದ್ದಿಯಲ್ಲ.

ಟೈಲರ್ ಟೇಪಿನಿಂದ ಮೀನಖಂಡದ ದಪ್ಪಗಿನ ಭಾಗದ ಸುತ್ತಳತೆ ತೆಗೆಯಿರಿ. 31 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಮಾಂಸ ಕರಗಿದೆ ಅನ್ನುವ ಸೂಚನೆ. ಕಾಲು ಊದಿಕೊಂಡಿದ್ದರೆ ಈ ಅಳತೆ ನಂಬಬೇಡಿ.

ಆಮೇಲೆ ಒಂದು ದಿನ ಪೂರ್ತಿ ತಟ್ಟೆ ಗಮನಿಸಿ. ಹಿರಿಯರಿಗೆ ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಇದ್ದರೆ ಒಳ್ಳೆಯದು ಅನ್ನುತ್ತಾರೆ ತಜ್ಞರು. ಐವತ್ತು ಕೆ.ಜಿ. ಇರುವವರಿಗೆ 50ರಿಂದ 60 ಗ್ರಾಂ. ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಅನ್ನ ಮಜ್ಜಿಗೆ ತಿಂದರೆ ಅದರ ಅರ್ಧವೂ ಆಗುವುದು ಕಷ್ಟ. ಒಂದು ಲೋಟ ಹಾಲಿನಲ್ಲಿ ಆರು ಗ್ರಾಂ, ಒಂದು ಮೊಟ್ಟೆಯಲ್ಲಿ ಆರು, ಒಂದು ಹಿಡಿ ಹುರುಳಿಯಲ್ಲೋ ಬೇಳೆಯಲ್ಲೋ ಆರೇಳು. ತಿಳಿಸಾರಿನ ಬದಲು ಗಟ್ಟಿ ತೊವ್ವೆ, ಮೊಳಕೆ ಕಟ್ಟಿದ ಹುರುಳಿಸಾರು, ರಾತ್ರಿ ಮಲಗುವ ಮುಂಚೆ ರಾಗಿ ಗಂಜಿಗೆ ಹಾಲು. ಇಷ್ಟು ಬದಲಿಸಿದರೂ ವ್ಯತ್ಯಾಸ ಕಾಣುತ್ತದೆ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನ್ ಏರಿಸಬಾರದು.

ಊಟ ಕಡಿಮೆಯಾದರೆ ಹಲ್ಲು ನೋಡಿ. ಅಗಿಯಲು ಆಗುತ್ತಿಲ್ಲ ಅಂತ ಯಾರೂ ಹೇಳಿಕೊಳ್ಳುವುದಿಲ್ಲ, ಸುಮ್ನೆ ಪಲ್ಯ ಬಿಡುತ್ತಾರೆ. ಒಂಟಿಯಾಗಿರುವವರಲ್ಲಿ ‘ಒಬ್ಬಳಿಗೆ ಏನು ಅಡುಗೆ ಮಾಡೋದು’ ಅನ್ನುವುದೂ ದೊಡ್ಡ ಕಾರಣ. ಸಸ್ಯಾಹಾರಿಗಳಿಗೆ, ಶುಗರಿಗೆ ಮೆಟ್‌ಫಾರ್ಮಿನ್ ತುಂಬಾ ವರ್ಷದಿಂದ ತಿನ್ನುತ್ತಿರುವವರಿಗೆ ಬಿ12 ಕಡಿಮೆಯಾಗುವ ಸಂಭವ ಜಾಸ್ತಿ. ಪಾದ ಜುಮ್ಮೆನ್ನುವುದು, ಮರೆವು, ಸುಸ್ತು ಇದ್ದರೆ ಅದನ್ನೊಮ್ಮೆ ಪರೀಕ್ಷೆ ಮಾಡಿಸಿ.

5. ಕಣ್ಣು, ಕಿವಿ

ಪಂಚಾಂಗದ ಸಣ್ಣ ಅಕ್ಷರ ಓದಲಿ, ಎದುರು ಮನೆಯ ಗೇಟಿನ ಹತ್ತಿರ ಯಾರಿದ್ದಾರೆ ಹೇಳಲಿ. ಒಂದೊಂದೇ ಕಣ್ಣು ಮುಚ್ಚಿ ಮಾಡಿಸಿ. ಕಿವಿಗೆ, ಅವರ ಹಿಂದೆ ಒಂದು ತೋಳಿನಷ್ಟು ದೂರದಲ್ಲಿ ನಿಂತು, ಒಂದು ಕಿವಿ ಮುಚ್ಚಿಸಿ, ನಾಲ್ಕು ಪದ ಪಿಸುಗುಟ್ಟಿ. ತಿರುಗಿ ಹೇಳುತ್ತಾರಾ ನೋಡಿ. ಎರಡೂ ಕಿವಿಗೆ ಬೇರೆ ಬೇರೆ ಪದ. ಹೇಳಲಾಗದಿದ್ದರೆ ಮೊದಲು ಕಿವಿಯ ಕೊಳೆ ತೆಗೆಸಿ ನೋಡಿ, ಎಷ್ಟೋ ಸಲ ಅಷ್ಟೇ ಇರುತ್ತದೆ. ಕಿವಿ ಕೇಳದವರು ಮಾತು ಬಿಡುತ್ತಾರೆ, ಮಾತು ಬಿಟ್ಟವರನ್ನು ಮನೆಯವರು ‘ಅರಳು ಮರಳು’ ಅಂದುಬಿಡುತ್ತಾರೆ.

6. ನೆನಪು

ಹೂವು, ಬಾಗಿಲು, ಅಕ್ಕಿ. ಈ ಮೂರು ಪದ ಹೇಳಿ, ನೆನಪಿಟ್ಟುಕೊಳ್ಳಲು ಹೇಳಿ. ನಡುವೆ ಇವತ್ತು ಏನು ದಿನ, ನಾವೀಗ ಎಲ್ಲಿದ್ದೇವೆ ಅಂತ ಕೇಳಿ. ಆಮೇಲೆ ಮೂರು ಪದ ತಿರುಗಿ ಕೇಳಿ. ದಿನ ಕೇಳುವಾಗ ಒಂದು ಎಚ್ಚರ: ಹಳ್ಳಿಯ ಅಜ್ಜಿಗೆ ‘ಅಕ್ಟೋಬರ್ ಎಷ್ಟು’ ಅನ್ನುವುದು ಯಾವತ್ತೂ ಗೊತ್ತಿರಲಿಕ್ಕಿಲ್ಲ. ‘ಇವತ್ತು ಏಕಾದಶಿ, ನಾಡಿದ್ದು ಸಂತೆ’ ಅಂದರೆ ಪೂರ್ತಿ ಅಂಕ.

ಇದಕ್ಕಿಂತ ಹೆಚ್ಚು ಹೇಳುವುದು ದಿನದ ಕೆಲಸಗಳು. ಫೋನ್ ಮಾಡುವುದು, ಸಾಮಾನು ತರುವುದು, ಅಡುಗೆ, ಮನೆ ಚೊಕ್ಕಟ, ಬಟ್ಟೆ, ಬಸ್ಸು ಹತ್ತಿ ಹೋಗಿ ಬರುವುದು, ಮಾತ್ರೆ ತೆಗೆದುಕೊಳ್ಳುವುದು, ದುಡ್ಡಿನ ಲೆಕ್ಕ. ಈ ಎಂಟನ್ನು 1969ರಿಂದಲೂ ವೈದ್ಯರು ಕೇಳುತ್ತಾ ಬಂದಿದ್ದಾರೆ. ಗಂಡಸರಿಗೆ ಕೇಳುವಾಗ, ಅಡುಗೆ ಬರುವುದಿಲ್ಲ ಅಂದರೆ ಅದು ಮರೆವಲ್ಲ, ಯಾವತ್ತೂ ಕಲಿತಿಲ್ಲ ಅಷ್ಟೇ! ಮೊದಲು ಮಾಡುತ್ತಿದ್ದು ಈಗ ತಪ್ಪುತ್ತಿರುವುದು ಯಾವುದು ಅಂತ ನೋಡಿ. ಎರಡು ಸಲ ಗ್ಯಾಸ್ ಬುಕ್ ಮಾಡಿದ್ದು, ಹಾಲಿನವನಿಗೆ ದುಡ್ಡು ಕೊಟ್ಟಿದ್ದು ಮರೆತು ಮತ್ತೆ ಕೊಟ್ಟಿದ್ದು, ಇಂಥವು ನೋಟ್‌ಬುಕ್ಕಿಗೆ ಬರಲಿ.

ಮರೆವು ನಿಧಾನವಾಗಿ ಬರುವುದು ಬೇರೆ, ನಿನ್ನೆ ಚೆನ್ನಾಗಿದ್ದವರು ಇವತ್ತು ಗೊಂದಲವಾಗಿ ಮಾತಾಡುವುದು ಬೇರೆ. ಎರಡನೆಯದಾದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮೂತ್ರದ ಸೋಂಕು, ಸೋಡಿಯಂ ಇಳಿದಿರುವುದು, ಹೊಸ ಮಾತ್ರೆ ಹೀಗೆ ಏನಾದರೂ ಇರುತ್ತದೆ, ಸರಿಪಡಿಸಬಹುದು. ಮುಖ ಸೊಟ್ಟಗಾಗಿದ್ದರೆ, ಒಂದು ಕಡೆಯ ಕೈಕಾಲು ಸೋತಿದ್ದರೆ, ಮಾತು ತೊದಲಿದರೆ ಒಂದು ನಿಮಿಷವೂ ಕಾಯಬೇಡಿ.

7. ಮನಸ್ಸು

ಎರಡೇ ಪ್ರಶ್ನೆ. ಕಳೆದ ಎರಡು ವಾರದಲ್ಲಿ ಬೇಜಾರು, ಮಂಕು, ಇನ್ನೇನಿದೆ ಅನ್ನುವ ಭಾವ ಕಾಡಿತಾ? ಮೊದಲು ಖುಷಿ ಕೊಡುತ್ತಿದ್ದ ಕೆಲಸದಲ್ಲಿ ಆಸಕ್ತಿ ಹೋಗಿದೆಯಾ? ಒಂದಕ್ಕೆ ಹೌದು ಅಂದರೂ ಮುಂದೆ ವಿಚಾರಿಸಬೇಕು.

ನಮ್ಮ ಹಿರಿಯರು ‘ಬೇಜಾರು’ ಅನ್ನುವುದನ್ನು ಮೈಮೇಲೆ ಹಾಕಿ ಹೇಳುತ್ತಾರೆ. ನಿದ್ದೆ ಇಲ್ಲ, ಹೊಟ್ಟೆ ಉರಿ, ಮೈಕೈ ನೋವು, ‘ಯಾಕೋ ಸೇರೋದಿಲ್ಲ’. ಅದಕ್ಕೆ ಎರಡನೇ ಪ್ರಶ್ನೆಯನ್ನು ನಾನು ಸುತ್ತಿ ಕೇಳುತ್ತೇನೆ: ‘ಈ ಸಲ ಉಪ್ಪಿನಕಾಯಿ ಹಾಕಿದ್ಯಾ? ಸಂಜೆ ಯಾರ ಜೊತೆ ಮಾತಾಡಿದೆ?’ ಸಂಗಾತಿ ತೀರಿಕೊಂಡ ಮೊದಲ ವರ್ಷದಲ್ಲಿ ಈ ಪ್ರಶ್ನೆಗಳನ್ನು ತಿಂಗಳಿಗೊಮ್ಮೆ ಕೇಳಬೇಕು. ದುಃಖ ಸಹಜ. ಆದರೆ ಊಟ, ಸ್ನಾನ, ಮಾತು ಮೂರೂ ಕುಸಿದಿದ್ದರೆ, ‘ಬೇಗ ಕರಕೊಂಡರೆ ಸಾಕು’ ಅನ್ನುವ ಮಾತು ಪದೇ ಪದೇ ಬಂದರೆ ಅದನ್ನು ವಯಸ್ಸಿನ ಮಾತು ಅಂತ ತಳ್ಳಿಹಾಕಬೇಡಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಇದೇ ಹೊತ್ತಿನಲ್ಲಿ ಏನು ಆಸರೆಯಾಗಿದೆ ಅನ್ನುವುದನ್ನೂ ಬರೆದುಕೊಳ್ಳಿ. ದೇವರ ದೀಪ, ದನಕ್ಕೆ ಅಕ್ಕಚ್ಚು ಇಡುವುದು, ಮೊಮ್ಮಗಳ ವಿಡಿಯೊ ಕರೆ, ಸಂಜೆಯ ಕಟ್ಟೆ ಹರಟೆ. ಕಾಯಿಲೆ ಬಿದ್ದಾಗ ನಾವು ಮೊದಲು ನಿಲ್ಲಿಸುವುದೇ ಇವನ್ನು.

8. ರಾತ್ರಿ ಎರಡು ಗಂಟೆಗೆ ಯಾರು ಬರುತ್ತಾರೆ?

ಒಂದು ಹಾಳೆಯಲ್ಲಿ ಹೆಸರು ಬರೆಯಿರಿ. ಐದು ನಿಮಿಷದಲ್ಲಿ ಬರಬಲ್ಲವರು, ಒಂದು ಗಂಟೆಯಲ್ಲಿ ಬರಬಲ್ಲವರು, ಮಾರನೇ ದಿನ ಬರಬಲ್ಲವರು. ಬೆಂಗಳೂರಲ್ಲೋ ದುಬೈಯಲ್ಲೋ ಇರುವ ನಾವು ಮೂರನೇ ಸಾಲು. ಮೊದಲ ಸಾಲು ಖಾಲಿ ಇದ್ದರೆ ಉಳಿದ ಅಳತೆಗಳೆಲ್ಲ ಪಕ್ಕಕ್ಕಿರಲಿ, ಮೊದಲು ಅದನ್ನು ತುಂಬಿ. ನಮ್ಮ ಮನೆಗೆ ಎದುರು ಮನೆ ಅಕ್ಕ ಇದ್ದಾರೆ. ಅವರ ಹತ್ತಿರ ಒಂದು ಬೀಗದ ಕೈ ಕೊಟ್ಟಿದ್ದೇವೆ. ಬೆಳಿಗ್ಗೆ ಏಳರೊಳಗೆ ಅಂಗಳದಲ್ಲಿ ರಂಗೋಲಿ ಬೀಳದಿದ್ದರೆ ಬಂದು ಕದ ತಟ್ಟುತ್ತಾರೆ. ಯಾವ ಕ್ಯಾಮೆರಾವೂ ಇಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಒಳಗಿನ ಚಿಲಕ ಹಾಕಿದರೆ ಬೀಗದ ಕೈ ಇದ್ದೂ ಉಪಯೋಗವಿಲ್ಲ, ಅದನ್ನೂ ನೋಡಿಕೊಳ್ಳಿ.

ದುಡ್ಡನ್ನೂ ಕೇಳಬೇಕು. ಆಟೊಗೆ, ಮಾತ್ರೆಗೆ ಅವರ ಕೈಯಲ್ಲೇ ಇರುವ ದುಡ್ಡು ಎಷ್ಟು? ಮಗನನ್ನು ಕೇಳಲು ನಾಚಿಕೆಯಾಗಿ ಮಾತ್ರೆ ಅರ್ಧ ಮಾಡಿ ತಿನ್ನುವವರಿದ್ದಾರೆ. ಅರವತ್ತೈದು ದಾಟಿದ, ಆದಾಯ ಕಡಿಮೆ ಇರುವವರಿಗೆ ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ, ನಾಡಕಚೇರಿಯಲ್ಲಿ ವಿಚಾರಿಸಿ. ಪಿಂಚಣಿ, ಕಾನೂನು, ಮನೆಯವರೇ ಸರಿಯಾಗಿ ನೋಡಿಕೊಳ್ಳದಿರುವುದು ಇಂಥ ಯಾವ ವಿಷಯಕ್ಕಾದರೂ ಹಿರಿಯರ ಸಹಾಯವಾಣಿ 14567 ಇದೆ. ಮಹಿಳೆಯರಿಗೆ 2023ರ ಜೂನಿನಿಂದ ಸರ್ಕಾರಿ ಬಸ್ಸಲ್ಲಿ ಟಿಕೆಟ್ ಇಲ್ಲ ಅಲ್ವಾ, ಮಂಕಾಗಿ ಕೂತ ಅಜ್ಜಿಯನ್ನು ತಂಗಿಯ ಮನೆಗೆ ಕಳಿಸಲು ಅದಕ್ಕಿಂತ ಒಳ್ಳೆ ನೆಪ ಬೇಕಾ?

ಮನೆಯೊಳಗೆ ಒಂದು ಸುತ್ತು ಹಾಕಿ, ಅವರ ಹಿಂದೆಯೇ, ರಾತ್ರಿ, ದೀಪ ಆರಿಸಿದ ಮೇಲೆ. ಹಾಸಿಗೆಯಿಂದ ಬಚ್ಚಲಿನವರೆಗೆ ಏನೇನು ಕಾಲಿಗೆ ಸಿಗುತ್ತದೆ? ಹೊಸ್ತಿಲು, ಜಾರುವ ಕಾಲೊರಸು, ಫ್ಯಾನಿನ ವೈರು. ಬಚ್ಚಲಲ್ಲಿ ಗೋಡೆಗೆ ಕಂಬಿ ಹಾಕಿಸಿ. ಟವೆಲ್ ಹಾಕುವ ರಾಡು ಕಂಬಿಯಲ್ಲ, ಮೈಭಾರ ಬಿದ್ದರೆ ಕಿತ್ತು ಬರುತ್ತದೆ.

9. ನೋಟ್‌ಬುಕ್ಕು

ಒಂದು ಪುಟಕ್ಕೆ ಒಂದು ದಿನಾಂಕ. ಕುರ್ಚಿ ಎಷ್ಟು ಸೆಕೆಂಡು, ನಡಿಗೆ ಎಷ್ಟು, ತೂಕ, ಮೀನಖಂಡ, ನಿಂತಾಗಿನ ಬಿಪಿ, ಬಿಟ್ಟಿರುವ ಕೆಲಸ, ಮನಸ್ಸು ಹೇಗಿದೆ, ಮೊದಲ ಸಾಲಿನ ಜನ. ಬೇರೆಯವರ ಅಪ್ಪನ ಜೊತೆ ಹೋಲಿಸಬೇಡಿ, ಅವರದೇ ಹಳೇ ಪುಟದ ಜೊತೆ ಹೋಲಿಸಿ.

ಮತ್ತೆ ಯಾವಾಗ ನೋಡುವುದು? ನಾವು ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ಅಂತ ಇಟ್ಟುಕೊಂಡಿದ್ದೇವೆ, ಹೇಗೂ ಊರಿಗೆ ಹೋಗುತ್ತೇವಲ್ಲ. ಹಬ್ಬದ ದಿನ ಬೇಡ. ಹೋಳಿಗೆ ಮಾಡಿ ಸುಸ್ತಾದವರನ್ನು ಕೂರಿಸಿ ಏಳಿಸಿದರೆ ಅಂಕಿ ತಪ್ಪುತ್ತದೆ. ನೆಂಟರು ಹೊರಟ ಮಾರನೇ ದಿನ ಬೆಳಿಗ್ಗೆ ಸರಿ. ಇದಲ್ಲದೆ ಜ್ವರ, ಆಪರೇಷನ್, ಸಾವು ಇಂಥ ಪೆಟ್ಟು ಬಿದ್ದಾಗ ಎರಡು ವಾರವಾದ ಮೇಲೆ ಒಮ್ಮೆ, ಆರು ವಾರವಾದ ಮೇಲೆ ಇನ್ನೊಮ್ಮೆ ನೋಡಿ. ಆರು ವಾರಕ್ಕೂ ಹಳೇ ಪುಟದ ಹತ್ತಿರ ಬಂದಿಲ್ಲ ಅಂದರೆ ನೋಟ್‌ಬುಕ್ ಹಿಡಿದು ಡಾಕ್ಟರ ಹತ್ತಿರ ಹೋಗಿ. ‘ಸುಸ್ತು’ ಅಂದರೆ ಟಾನಿಕ್ ಬರೆಯುತ್ತಾರೆ. ‘ಕುರ್ಚಿಯಿಂದ ಏಳಲು ಮೊದಲು 13 ಸೆಕೆಂಡು, ಈಗ 19’ ಅಂದರೆ ಫಿಸಿಯೋಥೆರಪಿಯ ಮಾತು ಬರುತ್ತದೆ.

ತಪ್ಪು ಸಿಕ್ಕಿದ್ದೆಲ್ಲವನ್ನೂ ಒಂದೇ ವಾರದಲ್ಲಿ ಸರಿ ಮಾಡಲು ಹೋಗಬೇಡಿ. ನಾನು ಆ ತಪ್ಪು ಮಾಡಿದೆ. ಮೂರು ದಿನದಲ್ಲಿ ಕಂಬಿ, ವಾಕರ್, ಪ್ರೋಟೀನ್ ಪುಡಿ, ಅಡುಗೆಯವಳು ಎಲ್ಲ ಬಂದರು. ಅಮ್ಮ ಎರಡು ದಿನ ಮಾತು ಬಿಟ್ಟಳು. ‘ನನ್ನ ಮನೇಲಿ ನನ್ನನ್ನೇ ನೆಂಟಳು ಮಾಡಿದ್ಯಲ್ಲ’ ಅಂದಳು. ಆಮೇಲೆ ಕೇಳಿದೆ, ‘ನಿಂಗೆ ಏನು ವಾಪಸ್ ಬೇಕು?’ ಭಜನೆ ಅಂದಳು. ದೇವಸ್ಥಾನಕ್ಕೆ ಒಂಬತ್ತು ಮೆಟ್ಟಿಲು. ಅಲ್ಲಿಂದ ಲೆಕ್ಕ ಹಿಂದಕ್ಕೆ ಹಾಕಿದೆವು. ಊಟಕ್ಕೆ ಮುಂಚೆ ಕುರ್ಚಿಯಿಂದ ಐದು ಸಲ ಏಳುವುದು, ದಿನಕ್ಕೆ ಮೂರು ಹೊತ್ತು. ರಾತ್ರಿ ಹಾಲು ಗಂಜಿ. ಮೊದಲ ತಿಂಗಳು ಎದುರು ಮನೆ ಅಕ್ಕನ ಕೈ ಹಿಡಿದು ಮೂರು ಮೆಟ್ಟಿಲು. ಅಡುಗೆಯವಳನ್ನು ಬಿಡಿಸಿದಳು, ವಾಕರ್ ಅಟ್ಟಕ್ಕೆ ಹೋಯಿತು, ಕಂಬಿ ಮಾತ್ರ ಉಳಿಯಿತು.

ಯುಗಾದಿ ಕಳೆದ ಮಾರನೇ ದಿನ 13 ಸೆಕೆಂಡು ಬಂತು. ಡಬ್ಬಿಗಳು ಮೇಲಿನ ಸಾಲಿಗೆ ವಾಪಸ್ ಹೋಗಿಲ್ಲ. ‘ಇಲ್ಲೇ ಕೈಗೆ ಸಿಗತ್ತೆ, ಇರಲಿ ಬಿಡು’ ಅನ್ನುತ್ತಾಳೆ. ಶನಿವಾರ ಸಂಜೆ ಫೋನ್ ಮಾಡಿದರೆ ಮಾತ್ರ ಎತ್ತುವುದಿಲ್ಲ.